ಮಂಗನ ಕಾಯಿಲೆಯ ಸಂಶೋಧನೆ ದರಕು ಗುಡಿಸುವವರಿಗೆ ತಲುಪುವುದು ಯಾವಾಗ?

ಶರಾವತಿ ತೀರದವಳು

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲೂಕಿನ ಅಡಿಕೆ ತೋಟದ ಮನೆಯವಳು. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಸಂಕ್ರಾಂತಿ ಕಳೆದ ಮೇಲೆ ಸಂಶೋಧನಾ ವಿದ್ಯಾರ್ಥಿಗಳ ತಂಡವೊಂದು ನಮ್ಮೂರಿಗೆ ಬಂದಿತ್ತು. ಕೋಲಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ನಮ್ಮ ಬೆಟ್ಟದ ದರಕಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗಿ, ನಾಲ್ಕಾರು ಹೆಜ್ಜೆಗೊಮ್ಮೆ ನಿಂತು, ಬಟ್ಟೆಯನ್ನು ಮಗುಚಿ ನೋಡುತ್ತಿದ್ದರು. ಗಸಗಸೆ ಚೆಲ್ಲಿದಂತೆ ಕಾಣುತ್ತಿದ್ದ ಚುಕ್ಕೆಗಳು ನೋಡುನೋಡುತ್ತಿದ್ದಂತೆ ಹರಿದಾಡತೊಡಗಿದಾಗಲೇ ಅವು ಮಂಗನ ಕಾಯಿಲೆ ಹರಡುವ, ರಕ್ತ ಹೀರುವ ಉಣುಗಿನ ಮರಿಗಳೆಂದು ನನಗೆ ಗೊತ್ತಾದದ್ದು. ಹುಟ್ಟಿದಾಗಿನಿಂದ ಮಲೆನಾಡಿನಲ್ಲೇ ಇದ್ದರೂ ಅಷ್ಟು ಸಣ್ಣ ಉಣುಗನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮಾರನೆಯ ದಿನ ಅವರು ಪ್ರಶ್ನೆಗಳ ಪಟ್ಟಿ ಹಿಡಿದು ಮನೆಗೆ ಬಂದರು. ದನಗಳೆಷ್ಟು, ದರಕು ತರುವವರು ಯಾರು, ಲಸಿಕೆ ಹಾಕಿಸಿಕೊಂಡಿದ್ದೀರಾ, ಇಲ್ಲವಾದರೆ ಏಕಿಲ್ಲ ಎಂದೆಲ್ಲ ಕೇಳಿದರು. ನಮ್ಮತ್ತೆ ಕೊಟ್ಟಿಗೆಯ ಕೆಲಸ ಬಿಟ್ಟು ಒಂದು ಗಂಟೆ ಕುಳಿತು ಉತ್ತರಿಸಿದರು. ಆ ಉತ್ತರಗಳಿಂದ ತಿಳಿದದ್ದೇನು ಎಂದು ಹೇಳಲು ಆಮೇಲೆ ಯಾರೂ ಬರಲಿಲ್ಲ. ಎರಡು ವರ್ಷ ಕಳೆದ ಮೇಲೆ ಅತ್ತೆಗೇ ಮಂಗನ ಕಾಯಿಲೆಯ ಜ್ವರ ಬಂತು. ನಾವು ಕರೆದೊಯ್ದ ಆಸ್ಪತ್ರೆಯಲ್ಲಿ ನಾಲ್ಕು ದಿನ ಟೈಫಾಯ್ಡ್ ಎಂದೇ ಔಷಧ ಕೊಟ್ಟರು. ಐದನೆಯ ದಿನ ಒಸಡಿನಲ್ಲಿ ರಕ್ತ ಜಿನುಗಿದಾಗ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ದೇವರ ದಯೆಯಿಂದ ಬದುಕಿ ಬಂದರು.

ಇತ್ತೀಚೆಗೆ ಅಂತರಜಾಲದಲ್ಲಿ ಹುಡುಕಿದಾಗ ಈ ಕಾಯಿಲೆಯ ಬಗ್ಗೆ ಎಷ್ಟೊಂದು ಪ್ರಬಂಧಗಳಿವೆ ಎಂದು ನೋಡಿ ಬೆರಗಾದೆ. ವೈದ್ಯರದು ಒಂದು ರಾಶಿ, ರೋಗಪತ್ತೆಯ ಯಂತ್ರ ಮಾಡುವವರದು ಒಂದು ರಾಶಿ, ಸಮಾಜ ವಿಜ್ಞಾನಿಗಳದು ಇನ್ನೊಂದು ರಾಶಿ, ಎಲ್ಲವೂ ಇಂಗ್ಲಿಷಿನಲ್ಲಿ. ನನ್ನ ಪ್ರಶ್ನೆ ಇಷ್ಟೇ: ಈ ಮೂರು ರಾಶಿಗಳನ್ನು ಒಟ್ಟಿಗಿಟ್ಟು ನೋಡಿದರೆ, ಡಿಸೆಂಬರಿನಲ್ಲಿ ಹೆಡಿಗೆ ಹೊತ್ತು ಬೆಟ್ಟಕ್ಕೆ ಹೋಗುವ ಹೆಂಗಸಿಗೆ ಹೇಳಬೇಕಾದದ್ದು ಏನು? ತಿಳಿದವರು ದಯವಿಟ್ಟು ಬರೆಯಿರಿ.

ಬೆಟ್ಟದ ಮನೆ, ಸಿದ್ದಾಪುರ

ಅಕ್ಕಾ, ನಿಮ್ಮ ಅತ್ತೆಯವರು ಬದುಕಿ ಬಂದದ್ದು ಕೇಳಿ ಸಮಾಧಾನವಾಯಿತು. ನಮ್ಮ ಕೇರಿಯಲ್ಲಿ ಒಬ್ಬರನ್ನು ಕಳೆದುಕೊಂಡಿದ್ದೇವೆ.

ಹಳೆಯ ವೈದ್ಯ

ನಾನು ಮಲೆನಾಡಿನ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತನಾದವನು. ಮೊದಲು ವೈದ್ಯರ ರಾಶಿಯ ಬಗ್ಗೆ ಹೇಳುತ್ತೇನೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಹಿಂದೆಯೇ ಊರಿನವರಿಗೂ ಜ್ವರ ಬಂದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹಳದಿ ಜ್ವರ ಭಾರತಕ್ಕೂ ಬಂದಿತೇ ಎಂಬ ಆತಂಕದಿಂದಲೇ ಇಲ್ಲಿಗೆ ಧಾವಿಸಿದ್ದರು. ಪರೀಕ್ಷಿಸಿದಾಗ ಅದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ಹೊಸ ವೈರಸ್ ಎಂದು ತಿಳಿಯಿತು. ಆ ಕಾರಣಕ್ಕೆ ರಷ್ಯಾದ ಕಾಯಿಲೆಯ ಲಸಿಕೆಯನ್ನೇ ನಮ್ಮ ಜನಕ್ಕೆ ಹಾಕಿ ನೋಡಿದರು; ಅದರಿಂದ ಪ್ರಯೋಜನವಾಗಲಿಲ್ಲ. ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ ಬಂದದ್ದು ಬಹಳ ತಡವಾಗಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ 1990ರಿಂದ 1992ರವರೆಗೆ ನಡೆದ ಪ್ರಯೋಗದಲ್ಲಿ ಎರಡು ಡೋಸ್ ಪಡೆದವರಿಗೆ ಶೇ 93.5ರಷ್ಟು ರಕ್ಷಣೆ ಸಿಕ್ಕಿತೆಂದು ವರದಿಯಾಯಿತು.

ನಿಮ್ಮ ಅತ್ತೆಯವರ ವಿಷಯದಲ್ಲಿ ಆದದ್ದು ಬೇಸರದ ಸಂಗತಿಯಾದರೂ ಅಪರೂಪದ್ದಲ್ಲ. ಮೊದಲ ಮೂರು ನಾಲ್ಕು ದಿನ ಈ ಜ್ವರ ಬೇರೆ ಯಾವ ಜ್ವರದಂತೆಯೂ ಕಾಣಬಹುದು: ಒಮ್ಮೆಲೇ ಏರುವ ತಾಪ, ತಲೆ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡ ಹಿಂಡಿದಂತಹ ನೋವು, ಕೆಂಪಾದ ಕಣ್ಣು. ರಕ್ತದಲ್ಲಿ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಎರಡೂ ಇಳಿದಿದ್ದು, ರೋಗಿ ಕಾಡಂಚಿನವರಾಗಿದ್ದು, ತಿಂಗಳು ಡಿಸೆಂಬರಿನಿಂದ ಮೇ ಒಳಗಿನದಾಗಿದ್ದರೆ ವೈದ್ಯರು ಈ ಕಾಯಿಲೆಯನ್ನು ಮೊದಲೇ ಶಂಕಿಸಬೇಕು. ಇದಕ್ಕೆಂದೇ ಇರುವ ಔಷಧ ಇಲ್ಲ. ದೇಹದ ನೀರಿನಂಶ ಕಾಯ್ದುಕೊಂಡು, ರಕ್ತಸ್ರಾವದ ಮೇಲೆ ಕಣ್ಣಿಟ್ಟು ಆರೈಕೆ ಮಾಡುವುದೇ ಚಿಕಿತ್ಸೆ. ಆದ್ದರಿಂದ ಬೇಗ ಗುರುತಿಸುವುದು ಅಷ್ಟು ಮುಖ್ಯ.

ಪ್ರಯೋಗಾಲಯದ ಮಿತ್ರ

ವೈದ್ಯರ ಮಾತಿಗೆ ಒಂದು ಮುಖ್ಯ ತಿದ್ದುಪಡಿ ಸೇರಿಸುತ್ತೇನೆ, ತಪ್ಪು ತಿಳಿಯಬಾರದು. ಶೇ 93.5 ಎಂಬುದು ಆರಂಭದ ಪ್ರಯೋಗದ ಅಂಕಿ. 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನೇ ಹೇಳಿತು. ಒಂದೇ ಡೋಸ್ ಪಡೆದವರಿಗೆ ರಕ್ಷಣೆಯೇ ಸಿಕ್ಕಿರಲಿಲ್ಲ. ಎರಡು ಡೋಸಿಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ಕೊನೆಗೆ ಆ ಲಸಿಕೆಯ ಸಾಮರ್ಥ್ಯವೇ ಸಾಲದೆಂಬ ಕಾರಣಕ್ಕೆ 2022ರಲ್ಲಿ ಅದನ್ನು ಕೊಡುವುದು ನಿಂತಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಂದಿಗೆ ಕೆಲಸ ಮಾಡುತ್ತಿದೆ. ಆದ್ದರಿಂದ “ಹಿಂದೆ ಒಂದು ಸಲ ಚುಚ್ಚಿಸಿಕೊಂಡಿದ್ದೇನೆ, ನನಗೇನೂ ಆಗದು” ಎನ್ನುವವರಿಗೆ ಆ ಭರವಸೆ ಸಲ್ಲದೆಂದು ಸ್ಪಷ್ಟವಾಗಿ ಹೇಳಲೇಬೇಕು.

ಹಳೆಯ ವೈದ್ಯ

ತಿದ್ದಿದ್ದಕ್ಕೆ ಧನ್ಯವಾದಗಳು. ನಾನು ಮೊದಲ ಅಂಕಿಯನ್ನಷ್ಟೇ ಬರೆದು ನಿಲ್ಲಿಸಬಾರದಿತ್ತು.

ಕಾಡಂಚಿನ ಆಶಾ

ನಾನು ಆಶಾ ಕಾರ್ಯಕರ್ತೆ. ಆ ಶೇಕಡಾ ಅಂಕಿಗಳ ಹಿಂದೆ ಏನಿತ್ತೆಂದು ನಾನು ಹೇಳುತ್ತೇನೆ, ಕೇಳಿ. ಆ ಸೂಜಿ ಬಹಳ ನೋಯುತ್ತಿತ್ತು. ಚುಚ್ಚಿದ ತೋಳು ಎರಡು ದಿನ ಮೇಲೇಳುತ್ತಿರಲಿಲ್ಲ, ಕೆಲವರಿಗೆ ಜ್ವರವೂ ಬರುತ್ತಿತ್ತು. ಮೊದಲ ಡೋಸ್, ತಿಂಗಳ ನಂತರ ಎರಡನೆಯದು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಅಡಿಕೆ ಕೊಯ್ಲಿನ ಸಮಯದಲ್ಲಿ ಎರಡು ದಿನ ತೋಳು ಎತ್ತಲಾಗದಿದ್ದರೆ ಕೂಲಿ ಹೋಗುತ್ತದೆ. ಮೊದಲ ಸಲ ಹತ್ತು ಮನೆಯವರು ಬಂದರೆ, ಎರಡನೆಯ ಸಲ ನಾನು ಬಾಗಿಲು ಬಡಿದಾಗ ಐದು ಮನೆಯವರು ಹಿತ್ತಿಲ ಕಡೆಯಿಂದ ಹೊರಗೆ ಹೋಗಿರುತ್ತಿದ್ದರು. ಅವರನ್ನು ಅಜ್ಞಾನಿಗಳೆಂದು ಮೇಲಿನವರು ವರದಿ ಬರೆದದ್ದುಂಟು. ಅದನ್ನು ಓದಿದಾಗ ನನಗೆ ಕಣ್ಣೀರು ಬಂತು. ಅವರಿಗೆ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಆ ಲೆಕ್ಕದಲ್ಲಿ ಎರಡು ದಿನದ ಕೂಲಿಯೂ ಇತ್ತು ಅಷ್ಟೇ.

ಸಮಾಜ ಅಧ್ಯಯನದ ವಿದ್ಯಾರ್ಥಿ

ಆಶಾ ಮೇಡಂ ಬರೆದದ್ದನ್ನು ಓದಿದ ಮೇಲೆ ನಾನು ಏನನ್ನಾದರೂ ಸೇರಿಸುವುದು ಅಗತ್ಯವೇ ಎನಿಸಿತು. ಸಮಾಜ ವಿಜ್ಞಾನಿಗಳು ಪುಟಗಟ್ಟಲೆ ಬರೆದದ್ದನ್ನು ನೀವು ಹತ್ತು ಸಾಲಿನಲ್ಲಿ ಹೇಳಿದ್ದೀರಿ. ಆದರೂ ಶಿಕ್ಷಕಿಯವರ ಪ್ರಶ್ನೆಗೆ ಸಂಬಂಧಿಸಿದ ಒಂದು ಅಧ್ಯಯನದ ಬಗ್ಗೆ ಬರೆಯಬೇಕು. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರದ ಸಂಶೋಧಕರು, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಮತ್ತು ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ಪಶುರೋಗಗಳ ಮೇಲೆ ಕೆಲಸ ಮಾಡುವ ನಿವೇದಿ ಮುಂತಾದ ಸಂಸ್ಥೆಗಳವರೊಡನೆ ಸೇರಿ ನಡೆಸಿದ ಯೋಜನೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಶಿವಮೊಗ್ಗ ಜಿಲ್ಲೆಯ ರೋಗಿಗಳ ದಾಖಲೆಯನ್ನು ಉಪಗ್ರಹ ಚಿತ್ರಗಳಿಂದ ಮಾಡಿದ ಕಾಡಿನ ನಕ್ಷೆ ಮತ್ತು ಜಾನುವಾರು ಗಣತಿಯೊಂದಿಗೆ ಇಟ್ಟು ನೋಡಿದರು. ಯಾವ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಆರೋಗ್ಯ, ಅರಣ್ಯ, ಪಶುಸಂಗೋಪನೆಯ ಅನುಭವವಿರುವವರನ್ನು ಮೊದಲೇ ಕೂರಿಸಿಕೊಂಡು ಚರ್ಚಿಸಿದ್ದು ಇದರ ವಿಶೇಷ.

ಅಲ್ಲಿ ಕಂಡದ್ದೇನೆಂದರೆ, ದಟ್ಟ ಕಾಡಿನ ಒಳಗಿಗಿಂತ ಹಸಿರು ಕಾಡು ಮತ್ತು ತೋಟ ಒಂದರೊಳಗೊಂದು ಹೆಣೆದುಕೊಂಡಿರುವ, ಒಣ ಎಲೆಯುದುರುವ ಕಾಡು ಕಡಿಮೆಯಿರುವ, ನಾಟಿ ದನಗಳು ಹೆಚ್ಚಿರುವ ಕಡೆಗಳಲ್ಲಿ ಅಪಾಯ ಜಾಸ್ತಿ. ಎಂದರೆ ಶಿಕ್ಷಕಿಯವರೇ, ಅದು ನಿಮ್ಮ ಮನೆಯ ಹಿಂದಿನ ನೋಟವೇ.

ಶರಾವತಿ ತೀರದವಳು

ಇದನ್ನು ಓದಿ ಮೈ ಜುಮ್ಮೆಂದಿತು. ನಮ್ಮ ಮನೆಯ ಹಿಂದೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಕೊಟ್ಟಿಗೆಯಲ್ಲಿ ಆರು ಮಲೆನಾಡು ಗಿಡ್ಡ ನಾಟಿ ದನ. ಇದನ್ನು 2020ರಲ್ಲೇ ನಮ್ಮ ಪಂಚಾಯಿತಿಯ ಗೋಡೆಗೆ ಅಂಟಿಸಿದ್ದರೆ ಆಗುತ್ತಿರಲಿಲ್ಲವೇ?

ಮಲೆನಾಡಿನ ಮಗ

ಇಷ್ಟೆಲ್ಲ ಏಕೆ? ಮಂಗಗಳನ್ನು ಹಿಡಿದು ದೂರದ ಕಾಡಿಗೆ ಬಿಟ್ಟುಬಿಟ್ಟರೆ ಕಾಯಿಲೆಯೂ ಹೋಗುತ್ತದೆ, ಬಾಳೆಗೊನೆಯೂ ಉಳಿಯುತ್ತದೆ.

ಕೊಟ್ಟಿಗೆಯ ಪಶುವೈದ್ಯ

ಇದನ್ನು ಎಷ್ಟು ಸಲ ಹೇಳಿದರೂ ಸಾಲದು: ಮಂಗ ನಮಗೆ ಕಾಯಿಲೆ ಹಚ್ಚುವುದಿಲ್ಲ. ನಮ್ಮಂತೆಯೇ ಅದೂ ಈ ಕಾಯಿಲೆಗೆ ಬಲಿಯಾಗುವ ಪ್ರಾಣಿ. ಕಪ್ಪು ಮೂತಿಯ ಮುಸುವ ಮತ್ತು ಕೆಂಪು ಮೂತಿಯ ಮಂಗ ಎರಡೂ ಸಾಯುತ್ತವೆ. ಸತ್ತ ಮಂಗನ ಮೈ ತಣ್ಣಗಾಗುತ್ತಿದ್ದಂತೆ ಅದರ ರಕ್ತ ಹೀರುತ್ತಿದ್ದ ಉಣುಗುಗಳು ಕೆಳಗಿಳಿದು ಅಲ್ಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ; ಆ ಜಾಗ ಅಪಾಯದ್ದಾಗುತ್ತದೆ. ಅದಕ್ಕಾಗಿಯೇ ಮಂಗ ಸತ್ತ ಸ್ಥಳದ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುವುದು. ಮಂಗಗಳನ್ನು ಬೇರೆಡೆಗೆ ಸಾಗಿಸಿದರೆ ಅವುಗಳ ಮೈಮೇಲಿನ ಉಣುಗನ್ನೂ ಸಾಗಿಸಿದಂತೆಯೇ. ಆದ್ದರಿಂದ ಮಂಗ ಸತ್ತದ್ದು ಕಂಡರೆ ಮುಟ್ಟದೆ, ಹೂಳಲು ಹೋಗದೆ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಬೇಕು. ಬಂಡೀಪುರದ ಕಡೆ 2012ರ ಕೊನೆಯಲ್ಲಿ ಸತ್ತ ಮಂಗಗಳ ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೇ ಸೋಂಕು ತಗುಲಿತ್ತು.

ದನದ ವಿಷಯವನ್ನೂ ಸ್ಪಷ್ಟಪಡಿಸುತ್ತೇನೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ದನದ ರಕ್ತದಿಂದ ವೈರಸ್ ಉಣುಗಿಗೆ ದಾಟುವುದೂ ಮುಖ್ಯ ದಾರಿಯಲ್ಲ. ಆದರೆ ಬೆಳೆದ ಉಣುಗು ದನದ ಮೇಲೆ ಹೊಟ್ಟೆ ತುಂಬಿಸಿಕೊಂಡು ಕೆಳಗೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹೀಗೆ ದನ ಉಣುಗಿನ ಸಂತತಿಯನ್ನು ಪೊರೆಯುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಮಧ್ಯದ ಅವಸ್ಥೆಯ ಸಣ್ಣ ಉಣುಗು. ಶಿಕ್ಷಕಿಯವರು ಬಟ್ಟೆಯ ಮೇಲೆ ಕಂಡ ರಾಶಿಯಲ್ಲಿ ಅದೂ ಇದ್ದೀತು.

ಮಲೆನಾಡಿನ ಮಗ

ದನ ಉಣುಗನ್ನು ಸಾಕುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಮಂಗನ ಬಗ್ಗೆ ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಬೆಳೆ ನಷ್ಟದ ಮಾತು ಬೇರೆ. ಅದನ್ನು ಬೇರೆ ಕಡೆ ಚರ್ಚಿಸೋಣ.

ಸೊರಬದ ಎಂಜಿನಿಯರ್

ನಾನು ಸೊರಬದ ಕಡೆಯವನು, ಬೆಂಗಳೂರಿನಲ್ಲಿ ವೈದ್ಯಕೀಯ ಉಪಕರಣಗಳ ಕ್ಷೇತ್ರದಲ್ಲಿದ್ದೇನೆ. ಎರಡನೆಯ ರಾಶಿಯ ಬಗ್ಗೆ ಬರೆಯುತ್ತೇನೆ. ಈ ವೈರಸ್ಸನ್ನು ಬೆಳೆಸಿ ಅಧ್ಯಯನ ಮಾಡಲು ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯ ಬೇಕು: ಒಳಗಿನ ಗಾಳಿ ಹೊರಗೆ ನುಸುಳದಂತೆ ಒತ್ತಡ ಕಡಿಮೆ ಇಟ್ಟ ಕೋಣೆಗಳು, ಸೋಸಿದ ಗಾಳಿ, ಇಡೀ ಮೈ ಮುಚ್ಚುವ ಉಡುಪು. ಹಿಂದಿನ ಕಾಲದಲ್ಲಿ ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕು ತಗುಲಿದ ಉದಾಹರಣೆಗಳಿವೆ. ಆದ್ದರಿಂದ ಬಹಳ ವರ್ಷ ಮಾದರಿಗಳು ಪುಣೆಗೆ ಹೋಗಿ ಬರಬೇಕಾಗಿತ್ತು.

ಆಮೇಲೆ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ ಮತ್ತು ಶಿವಮೊಗ್ಗದ ಪ್ರಯೋಗಾಲಯಗಳಲ್ಲಿ ಪರೀಕ್ಷೆ ಸಿಗತೊಡಗಿದ್ದು ದೊಡ್ಡ ಬದಲಾವಣೆ. ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕ್ಷಯರೋಗ ಪತ್ತೆಗೆ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಇರುವ, ಬ್ಯಾಟರಿಯಲ್ಲೂ ನಡೆಯುವ ಟ್ರೂನ್ಯಾಟ್ ಯಂತ್ರದಲ್ಲೇ ಮಂಗನ ಕಾಯಿಲೆಯನ್ನೂ ಪತ್ತೆ ಮಾಡುವ ಚಿಪ್ ಅನ್ನು ಪುಣೆಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ ಪ್ರಕಟಿಸಿದ್ದಾರೆ. ಕರೆಂಟು ಹೋಗುವ ಊರಿನಲ್ಲಿ, ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಒಂದೆರಡು ಗಂಟೆಯಲ್ಲಿ ಫಲಿತಾಂಶ ಕೊಡುವಂತಹ ಉಪಕರಣ ನಮ್ಮವರ ಕೈಯಲ್ಲೇ ತಯಾರಾಗುತ್ತಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ. ನನ್ನ ಅಭಿಪ್ರಾಯದಲ್ಲಿ ಸಮಸ್ಯೆಯ ಮುಕ್ಕಾಲು ಪಾಲು ಬಗೆಹರಿಯುವುದು ಇಲ್ಲಿಯೇ.

ಕಾಡಂಚಿನ ಆಶಾ

ಮುಕ್ಕಾಲು ಪಾಲು ಎಂಬುದನ್ನು ನಾನು ಒಪ್ಪುವುದಿಲ್ಲ, ಅಣ್ಣ. ಯಂತ್ರ ತಾಲೂಕು ಆಸ್ಪತ್ರೆಯಲ್ಲಿದೆ. ಜ್ವರ ಬಂದವರು ಹದಿನೆಂಟು ಕಿಲೋಮೀಟರ್ ಒಳಗಿದ್ದಾರೆ. ಸಂಜೆಯ ಬಸ್ಸು ತಪ್ಪಿದರೆ ಮಾರನೆಯ ಬೆಳಿಗ್ಗೆಯೇ ಗತಿ. ರಕ್ತ ತೆಗೆದ ಮೇಲೆ ಅದನ್ನು ತಂಪಿನ ಡಬ್ಬದಲ್ಲಿಟ್ಟು ಸಾಗಿಸುವವರಾರು, ಫಲಿತಾಂಶವನ್ನು ಫೋನ್ ಸಿಗ್ನಲ್ ಇಲ್ಲದ ಮನೆಗೆ ತಿಳಿಸುವವರಾರು? ಅದನ್ನೂ ಎಂಜಿನಿಯರಿಂಗ್ ಎಂದೇ ಎಣಿಸಿ, ಅದಕ್ಕೂ ಯಾರಾದರೂ ಸಂಶೋಧನೆ ಮಾಡಲಿ.

ಸೊರಬದ ಎಂಜಿನಿಯರ್

ನಿಮ್ಮ ಮಾತು ಸರಿ. ನಾನು ಯಂತ್ರದ ಬಾಗಿಲವರೆಗೆ ಮಾತ್ರ ಯೋಚಿಸಿದ್ದೆ. ನಮ್ಮ ವಿಭಾಗಗಳಲ್ಲಿ ಮಾದರಿ ಯಂತ್ರದೊಳಗೆ ಹೋದ ಕ್ಷಣದಿಂದ ಗಡಿಯಾರ ಓಡಲು ಶುರು. ರೋಗಿ ಮನೆಯಿಂದ ಹೊರಟ ಕ್ಷಣದಿಂದ ಓಡಬೇಕಾಗಿತ್ತು.

ಬೆಟ್ಟದ ಮನೆ, ಸಿದ್ದಾಪುರ

ನನ್ನ ತಕರಾರು ಬೇರೆ. ಪ್ರತಿ ಸಲ ಸಭೆಯಾದಾಗ ಬರುವ ಸಲಹೆ ಒಂದೇ: ಕಾಡಿಗೆ ಹೋಗಬೇಡಿ, ದರಕು ತರಬೇಡಿ. ನಮ್ಮ ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ನಡೆದುಬಂದದ್ದು. ಬೆಟ್ಟದ ಸೊಪ್ಪು ಮತ್ತು ದರಕು ಕೊಟ್ಟಿಗೆಗೆ ಬರಬೇಕು, ದನದ ಕಾಲಡಿಯಲ್ಲಿ ಸಗಣಿ ಗಂಜಲದೊಡನೆ ಕಲೆಯಬೇಕು, ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರಬೇಕು. ಮಳೆಗಾಲಕ್ಕೆ ಮೊದಲು ದರಕು ಸಂಗ್ರಹಿಸದಿದ್ದರೆ ಕೊಟ್ಟಿಗೆಯ ದನ ಕೆಸರಿನಲ್ಲಿ ನಿಲ್ಲಬೇಕಾಗುತ್ತದೆ. ಉಣುಗಿನ ಮರಿ ಹೆಚ್ಚಿರುವ ತಿಂಗಳುಗಳೇ ನಮ್ಮ ದರಕಿನ ತಿಂಗಳುಗಳು. ಬೇಡ ಎನ್ನುವವರು ಬದಲಿಗೆ ಏನೆಂಬುದನ್ನು ಹೇಳಿದ್ದಾರೆಯೇ?

ಸಮಾಜ ಅಧ್ಯಯನದ ವಿದ್ಯಾರ್ಥಿ

ನಿಮ್ಮ ತಕರಾರು ನ್ಯಾಯವಾದದ್ದು, ಮತ್ತು ಅದು ಈ ಕಾಯಿಲೆಯಷ್ಟೇ ಹಳೆಯದು. 1969ರಲ್ಲಿಯೇ ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ, ಕಾಡನ್ನು ಕಡಿದು ಸಾಗುವಳಿ ಮಾಡುವುದು ಮತ್ತು ದನಗಳು ಕಾಡಂಚಿನಲ್ಲಿ ಮೇಯುವುದು ಉಣುಗನ್ನು ಹೆಚ್ಚಿಸುತ್ತದೆ ಎಂದು ವಿವರವಾಗಿ ಬರೆದಿದ್ದರು. ಆ ಕಾಲದಲ್ಲಿ ಸಾಗರದಲ್ಲಿಯೇ ಒಂದು ಕ್ಷೇತ್ರ ಕೇಂದ್ರವಿತ್ತು; ವರ್ಷಗಟ್ಟಲೆ ಉಣುಗು, ಇಲಿ, ಹಕ್ಕಿ, ಮಂಗಗಳ ಲೆಕ್ಕ ಇಡುತ್ತಿದ್ದರು. ಈಗ ನಾವು ಹೇಳುವ ಪರಿಸರದ ಸಂಗತಿಗಳಲ್ಲಿ ಬಹುಪಾಲು ಆ ದಶಕಗಳ ದುಡಿಮೆಯ ಫಲ. ದರಕನ್ನು ಹೇಗೆ, ಯಾವಾಗ, ಎಲ್ಲಿಂದ ತಂದರೆ ಅಪಾಯ ಕಡಿಮೆ ಎಂಬುದು ರೈತರ ದೃಷ್ಟಿಯಿಂದ ಮೊದಲ ಪ್ರಶ್ನೆ. ಸಂಶೋಧಕರ ಪಟ್ಟಿಯಲ್ಲಿ ಅದಕ್ಕೆ ಸಿಕ್ಕ ಗಮನ ಬಹಳ ಕಡಿಮೆ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಮತ್ತು ಇದರಲ್ಲಿ ನಮ್ಮ ವಿಭಾಗದ ಹೊಣೆಯೂ ಇದೆ.

ಪ್ರಯೋಗಾಲಯದ ಮಿತ್ರ

ಒಂದು ಎಚ್ಚರಿಕೆಯ ಮಾತು. “ಕಾಡು ಕಡಿದದ್ದರಿಂದ ಕಾಯಿಲೆ ಬಂತು” ಎಂದು ಒಂದೇ ಸಾಲಿನಲ್ಲಿ ಹೇಳಿದರೆ ತಪ್ಪಾಗುತ್ತದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ತೆರವು ಮಾಡಿದ ನಂತರ ಕಾಯಿಲೆ ಭೀಕರವಾಗಿ ಹಬ್ಬಿದ್ದು ನಿಜ. ಆದರೆ 2018ರ ಕೊನೆಗೆ ಸಾಗರದ ಅರಳಗೋಡಿನಲ್ಲಿ ಶುರುವಾದದ್ದು ಹೊಸದಾಗಿ ಕಾಡು ಕಡಿದ ಜಾಗದಲ್ಲೇ ಎನ್ನಲಾಗದು. ಆ ನಡುವೆ ಕಾಯಿಲೆ ವಯನಾಡು, ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿತು. ಹಿಂದೆ ಅಲ್ಲೆಲ್ಲ ವೈರಸ್ ಇರಲಿಲ್ಲವೋ, ಇದ್ದರೂ ಪರೀಕ್ಷೆ ಮಾಡುವವರು ಇರಲಿಲ್ಲವೋ ಎಂಬುದನ್ನು ಬಿಡಿಸಿ ನೋಡಬೇಕು. ಗೋವಾ ಮತ್ತು ವಯನಾಡಿನ ರೋಗಿಗಳಲ್ಲಿ ಇದನ್ನು ಗುರುತಿಸುವುದರಲ್ಲಿ, ಕಾರಣ ತಿಳಿಯದ ಜ್ವರಗಳ ಮೇಲೆ ಮಣಿಪಾಲದವರು ನಡೆಸಿದ ಅಧ್ಯಯನದ ಪಾಲು ದೊಡ್ಡದು. ಹುಡುಕಿದ ಕಡೆ ಕಂಡಿತು ಎಂಬುದನ್ನೂ ನೆನಪಿಡಬೇಕು.

ಬೆಟ್ಟದ ಮನೆ, ಸಿದ್ದಾಪುರ

ಅದು ಒಪ್ಪತಕ್ಕ ಮಾತು. ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿಯಿತು.

ವಿಯೆನ್ನಾ ನಿವಾಸಿ ಕನ್ನಡಿಗ

ನಾನು ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ, ಹತ್ತು ವರ್ಷದಿಂದ ಆಸ್ಟ್ರಿಯಾದಲ್ಲಿದ್ದೇನೆ. ಇಲ್ಲಿಯೂ ಉಣುಗಿನಿಂದ ಬರುವ ಮೆದುಳು ಜ್ವರವಿದೆ, ವೈರಸ್ ನಮ್ಮ ಮಂಗನ ಕಾಯಿಲೆಯದರ ದಾಯಾದಿ. 1981ರಲ್ಲಿ ಇವರು ದೇಶದಾದ್ಯಂತ ಲಸಿಕೆ ಅಭಿಯಾನ ಆರಂಭಿಸಿದರು. ಇಂದು ಜನಸಂಖ್ಯೆಯ ಬಹುಪಾಲು ಜನ ಒಮ್ಮೆಯಾದರೂ ಈ ಲಸಿಕೆ ಪಡೆದಿದ್ದಾರೆ, ಕಾಯಿಲೆ ಹಿಂದಿಗಿಂತ ಬಹಳ ಇಳಿದಿದೆ. ವಸಂತಕಾಲ ಬಂತೆಂದರೆ ಔಷಧದಂಗಡಿಯಲ್ಲಿ ಉಣುಗಿನ ಚಿತ್ರದ ಭಿತ್ತಿಪತ್ರ ಕಾಣುತ್ತದೆ, ನನ್ನ ಮಗಳ ಶಾಲೆಯಲ್ಲಿ ಮಕ್ಕಳಿಗೆ ಉಣುಗು ತೆಗೆಯುವುದನ್ನು ಹೇಳಿಕೊಡುತ್ತಾರೆ. ಅದನ್ನು ನೋಡಿದಾಗಲೆಲ್ಲ ನಮ್ಮೂರು ನೆನಪಾಗಿ ಸಂಕಟವಾಗುತ್ತದೆ. ನಮ್ಮ ವೈರಸ್ಸನ್ನು ಗುರುತಿಸಿ ಆರು ದಶಕಗಳು ಕಳೆದಿವೆ.

ಹಳೆಯ ವೈದ್ಯ

ಹೋಲಿಕೆ ಸರಿಯಾದದ್ದೇ, ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಲ್ಲಿ ಅಪಾಯ ಇಡೀ ದೇಶದ್ದು, ಕಾಡಿನಲ್ಲಿ ವಾಯುವಿಹಾರಕ್ಕೆ ಹೋಗುವ ಪೇಟೆಯವರದೂ ಹೌದು. ಲಸಿಕೆಗೆ ದೊಡ್ಡ ಮಾರುಕಟ್ಟೆ ಇದೆ. ನಮ್ಮಲ್ಲಿ ವರ್ಷಕ್ಕೆ ಕೆಲವು ನೂರು ರೋಗಿಗಳು, ಅವರಲ್ಲಿ ಹೆಚ್ಚಿನವರು ಕೂಲಿಯವರು, ಸಣ್ಣ ರೈತರು, ಕಾಡಿನ ಕೆಲಸದವರು. ಅಂತಹ ಲಸಿಕೆಗೆ ಹಣ ಹೂಡಲು ಕಂಪನಿಗಳು ತಾವಾಗಿ ಮುಂದೆ ಬರುವುದಿಲ್ಲ. ಸರ್ಕಾರದ ಹಣದಲ್ಲಿ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ಮಾಡಬೇಕಾದ ಕೆಲಸ ಇದೇ.

ಹೊಸ ಓದುಗ

ಇದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆಯೇ? ನಮ್ಮ ಹಾಸ್ಟೆಲಿನಲ್ಲಿ ತೀರ್ಥಹಳ್ಳಿಯ ಹುಡುಗನನ್ನು ಜ್ವರವೆಂದು ದೂರವಿಟ್ಟಿದ್ದಾರೆ.

ಹಳೆಯ ವೈದ್ಯ

ಇಲ್ಲ, ಹರಡುವುದಿಲ್ಲ. ಆ ಹುಡುಗನ ಪಕ್ಕದಲ್ಲಿ ಕುಳಿತು ಊಟ ಮಾಡಬಹುದು. ಮೊದಲು ಅವನ ರಕ್ತ ಪರೀಕ್ಷೆ ಮಾಡಿಸಿ. ಒಂದು ವಾರದ ಜ್ವರ ಬಿಟ್ಟ ಮೇಲೂ ಕೆಲವರಿಗೆ ಒಂದೆರಡು ವಾರ ಕಳೆದು ಮತ್ತೆ ಜ್ವರ ಬಂದು, ತಲೆನೋವು, ಕತ್ತು ಬಿಗಿಯುವುದು, ಮನಸ್ಸಿನ ಗೊಂದಲ ಕಾಣಿಸಿಕೊಳ್ಳಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊಸ ಓದುಗ

ಈಗಲೇ ವಾರ್ಡನ್‌ಗೆ ತೋರಿಸುತ್ತೇನೆ. ಧನ್ಯವಾದಗಳು, ಸರ್.

ಶರಾವತಿ ತೀರದವಳು

ನಾನು ಕೇಳಿದ್ದಕ್ಕಿಂತ ಹೆಚ್ಚಿನದು ಸಿಕ್ಕಿತು. ಇಲ್ಲಿ ನಡೆದದ್ದನ್ನೇ ಗಮನಿಸಿ: ವೈದ್ಯರ ಅಂಕಿಯನ್ನು ಪ್ರಯೋಗಾಲಯದವರು ತಿದ್ದಿದರು, ಎರಡನೆಯ ಡೋಸಿಗೆ ಜನ ಏಕೆ ಬರಲಿಲ್ಲವೆಂದು ಆಶಾ ಅಕ್ಕ ಹೇಳಿದರು, ಎಂಜಿನಿಯರ್ ಅವರ ಯಂತ್ರಕ್ಕೆ ದಾರಿಯೇ ಇಲ್ಲವೆಂದೂ ಅವರೇ ತೋರಿಸಿದರು. ವಿಶ್ವವಿದ್ಯಾಲಯಗಳಲ್ಲಿ ಇವರೆಲ್ಲ ಬೇರೆ ಬೇರೆ ಕಟ್ಟಡಗಳಲ್ಲಿ ಕೂರುತ್ತಾರೆ. ನಮ್ಮತ್ತೆಯ ಉತ್ತರಗಳು ಒಂದು ಕಟ್ಟಡಕ್ಕೆ ಹೋದವು, ನಮ್ಮ ಬೆಟ್ಟದ ಉಣುಗು ಇನ್ನೊಂದು ಕಟ್ಟಡಕ್ಕೆ ಹೋಯಿತು, ಅವರ ರಕ್ತ ಮೂರನೆಯದಕ್ಕೆ. ಮೂರೂ ಮತ್ತೆ ನಮ್ಮ ಜಗಲಿಯಲ್ಲಿ ಸೇರಬೇಕಾಗಿತ್ತು.

ಬರುವ ಶನಿವಾರ ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯಿದೆ. ಅಲ್ಲಿ ಓದಲು ಒಂದು ಪುಟ ಬರೆಯುತ್ತಿದ್ದೇನೆ. ಬೆಟ್ಟದ ಮನೆಯವರ ಪ್ರಶ್ನೆಗೆ, ಅಂದರೆ ದರಕು ತರಲೇಬೇಕಾದವರು ಏನು ಮಾಡಬೇಕೆಂಬುದಕ್ಕೆ, ಪೂರ್ಣ ಉತ್ತರವಿಲ್ಲದಿದ್ದರೂ ಈಗ ತಿಳಿದಿರುವಷ್ಟನ್ನು ಹೇಳುವಿರಾ?

ಕಾಡಂಚಿನ ಆಶಾ

ನಾನು ಮನೆಮನೆಗೆ ಹೇಳುವುದನ್ನು ಬರೆಯುತ್ತೇನೆ. ಹೊರಡುವ ಮುನ್ನ ಕೈಕಾಲಿಗೆ, ಕುತ್ತಿಗೆಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಳ್ಳಿ. ಅದನ್ನು ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ರೂಪಿಸಿದ್ದು, ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತೇವೆ. ಬೆವರಿದರೆ ಅಳಿಸಿಹೋಗುತ್ತದೆ, ಆದ್ದರಿಂದ ಬುತ್ತಿ ಬಿಚ್ಚುವ ಹೊತ್ತಿಗೆ ಮತ್ತೊಮ್ಮೆ ಹಚ್ಚಿಕೊಳ್ಳಬೇಕು. ತುಂಬು ತೋಳಿನ ಅಂಗಿ ಹಾಕಿ, ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿ. ದರಕಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಬೇಡಿ, ಬಂಡೆಯ ಮೇಲೆ ಕುಳಿತುಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಕಿವಿಯ ಹಿಂದೆ, ಕಂಕುಳು, ಮೊಣಕಾಲಿನ ಹಿಂದೆ ಒಬ್ಬರಿಗೊಬ್ಬರು ನೋಡಿಕೊಳ್ಳಿ. ಆ ವರ್ಷ ಮಂಗ ಸತ್ತ ಕಡೆಯ ದರಕನ್ನು ಬಿಟ್ಟುಬಿಡಿ.

ಬೆಟ್ಟದ ಮನೆ, ಸಿದ್ದಾಪುರ

ಇದು ಕೆಲಸಕ್ಕೆ ಬರುವ ಮಾತು. ಸೀರೆಯುಟ್ಟು ಹೋಗುವ ಹೆಂಗಸರ ಬಗ್ಗೆಯೂ ಒಂದು ಸಾಲು ಸೇರಿಸಿ. ನಮ್ಮ ಕಡೆ ದರಕು ಗುಡಿಸುವವರಲ್ಲಿ ಅವರೇ ಹೆಚ್ಚು.

ಕಾಡಂಚಿನ ಆಶಾ

ಸೀರೆಯ ಒಳಗೆ ಬಿಗಿಯಾದ ಲೆಗಿಂಗ್ ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಲು ನಾನು ಹೇಳುತ್ತೇನೆ. ಮೊದಲು ನಾಚಿಕೊಂಡರು, ಈಗ ನಮ್ಮೂರಿನಲ್ಲಿ ರೂಢಿಯಾಗಿದೆ.

ಶರಾವತಿ ತೀರದವಳು

ಬರೆದುಕೊಂಡೆ. ಪಶುವೈದ್ಯರಿಗೆ ಒಂದು ಪ್ರಶ್ನೆ: ಅತ್ತೆ ಈಗಲೂ ದಿನವೂ ಸಂಜೆ ಕರುವಿನ ಕಿವಿಯಿಂದ ಉಣುಗು ಕಿತ್ತು ಉಗುರಿನಲ್ಲಿ ಹಿಸುಕುತ್ತಾರೆ. ಹಾಗೆ ಮಾಡಬಹುದೇ?

ಕೊಟ್ಟಿಗೆಯ ಪಶುವೈದ್ಯ

ದಯವಿಟ್ಟು ಹಿಸುಕಲು ಬಿಡಬೇಡಿ. ಬರಿಗೈಯಲ್ಲಿ ಹಿಸುಕಿದರೆ ಅದರ ಒಳಗಿನ ದ್ರವ ಉಗುರುಸಂದಿಗೆ, ಚರ್ಮದ ಗೀರಿಗೆ ಸೇರುತ್ತದೆ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು, ಸೋಪಿನ ನೀರಿರುವ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಲಿ, ಆಮೇಲೆ ಕೈ ತೊಳೆದುಕೊಳ್ಳಲಿ. ಬೆನ್ನಿನ ಮೇಲೆ ಸುರಿಯುವ ಉಣುಗಿನ ಔಷಧವನ್ನು ಪಶು ಆಸ್ಪತ್ರೆಯಲ್ಲಿ ಕೇಳಿ. ಹಾಲು ಕೊಡುವ ಹಸುವಿಗೆ ಯಾವುದು, ಎಷ್ಟು ಎಂಬುದನ್ನು ಅಲ್ಲಿಯೇ ವಿಚಾರಿಸಿ. ದರಕಿನ ಕೆಲಸ ಶುರುವಾಗುವ ಮೊದಲೇ, ನವೆಂಬರಿನಲ್ಲಿ, ಆರೂ ಜಾನುವಾರುಗಳಿಗೆ ಒಂದೇ ದಿನ ಹಾಕಿಸಿ.

ಶರಾವತಿ ತೀರದವಳು

ಅತ್ತೆಗೆ ಓದಿ ಹೇಳಿದೆ. ಚಿಮಟ ತರಲು ಈಗಲೇ ಮಗನನ್ನು ಪೇಟೆಗೆ ಕಳಿಸಿದ್ದಾರೆ. ಶನಿವಾರದ ಪುಟ ಸಿದ್ಧವಾದ ಮೇಲೆ ಇಲ್ಲಿ ಹಾಕುತ್ತೇನೆ. ಪ್ರಯೋಗಾಲಯದ ಮಿತ್ರರು ಲಸಿಕೆಯ ಅಂಕಿಗಳನ್ನು ಒಮ್ಮೆ ತಾಳೆ ನೋಡಿಕೊಡಬೇಕು.

ಪ್ರಯೋಗಾಲಯದ ಮಿತ್ರ

ಖಂಡಿತ. ಶುಕ್ರವಾರ ರಾತ್ರಿಯೊಳಗೆ ಹಾಕಿ.